ಏಂಡಿ ಬಲೆ ಮತ್ತು ವೈಜಯಂತಿ ಅಕ್ಕೋರ ಮೂರು ನಿಮಿಷದ ಸಿನಿಮಾ

ಸಿಟ್ಟು ಬಂದರೆ ವೈಜಯಂತಿ ಅಕ್ಕೋರು ಮೊದಲು ಕನ್ನಡಕ ತೆಗೆಯುತ್ತಿದ್ದರು. ಕಡಲದಂಡೆಯ ಅವರ್ಸಾ ಊರಿನ ಹೈಸ್ಕೂಲಿನ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ಕನ್ನಡಕ ಸೊಂಟಕ್ಕೆ ಸಿಕ್ಕಿಸಿಕೊಂಡರೆಂದರೆ ಮುಂದೆ ಬೈಗುಳವೇ. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯ ಮಂಚದಲ್ಲಿ ಮಲಗಿಯೂ, ಸಲೈನ್ ಬಾಟಲಿಯನ್ನು ಅಷ್ಟು ಎತ್ತರಕ್ಕೆ ಯಾಕೆ ತೂಗುಹಾಕುತ್ತಾರೆ ಎಂದು ನರ್ಸನ್ನು ಕೇಳಿದ್ದರಂತೆ. ಆಕೆ ನಕ್ಕು ಮುಂದಿನ ಮಂಚಕ್ಕೆ ಹೋದಾಗ ಅಕ್ಕೋರ ಕೈ ಕನ್ನಡಕಕ್ಕೆ ಹೋಗಿತ್ತಂತೆ.

ಇಷ್ಟು ವರ್ಷ ವಿಜ್ಞಾನ ಕಲಿಸಿದವರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಒಂದು ಸಿನಿಮಾ. ಅದೂ ಮೂರು ನಿಮಿಷದ್ದು.

ಮೂರು ವರ್ಷದ ಹಿಂದಿನ ಮಾತು. ಮಕ್ಕಳು ತಮ್ಮ ಊರಿನ ಯಾವುದಾದರೂ ಒಂದು ವಿಜ್ಞಾನದ ಸಂಗತಿಯನ್ನು ವಿಡಿಯೋ ಮಾಡಿ ತೋರಿಸಬೇಕು ಎಂದು ಕಾರವಾರದಲ್ಲಿ ಒಂದು ಸ್ಪರ್ಧೆ ಇಟ್ಟರು. ಅಕ್ಕೋರು ಹಿಗ್ಗಿಹೋದರು. ಪ್ರತಿ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳನ್ನು ಗದ್ದೆಗೋ ಹಳ್ಳಕ್ಕೋ ಕರೆದೊಯ್ದು ಪಾಠ ಮಾಡುವುದು ಅವರ ಪದ್ಧತಿ. ಅದು ಹೆಡ್ ಮಾಸ್ತರಿಗೆ ಎಂದೂ ಸರಿಬಂದಿರಲಿಲ್ಲ.

"ಅಕ್ಕೋರೆ, ಸಿನಿಮಾ ಮುಗಿಸಿ ಕಾರವಾರಕ್ಕೆ ಕಳಿಸಿದ್ರೆ ಶನಿವಾರ ನಿಮ್ದು," ಎಂದರು ಹೆಡ್ ಮಾಸ್ತರು. "ಕಳಿಸೂಕೆ ಆಗ್ಲಿಲ್ಲ ಅಂದ್ರೆ ಆ ಪೀರಿಯಡ್ಡು ಗಣಿತಕ್ಕೆ. ಆಮೇಲೆ ನನ್ನ ಹತ್ರ ಜಗಳಕ್ಕೆ ಬರಬೇಡಿ."

"ಬರೂದಿಲ್ಲ ಸರ್," ಎಂದರು ಅಕ್ಕೋರು. ಕನ್ನಡಕ ಆಗಲೇ ಕೈಗೆ ಬಂದಿತ್ತು.

ಕ್ಯಾಮೆರಾ ಅವರ ತಮ್ಮ ಸತೀಶನದು. ಅಂಕೋಲೆಯಲ್ಲಿ ಮದುವೆಗಳ ವಿಡಿಯೋ ತೆಗೆಯುವವನು. "ತುಳಸಿ ಲಗ್ನದವರೆಗೆ ಇಟ್ಕೊ ಅಕ್ಕಾ. ಆಮೇಲೆ ಮದುವೆ ಶುರು, ನೀ ಅತ್ರೂ ಕೊಡೂದಿಲ್ಲ," ಎಂದು ಹೇಳಿಯೇ ಕೊಟ್ಟ.

ವಿಷಯ ಸುಲಭದ್ದು. ಏಂಡಿ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧ ಸುತ್ತು ಬಿಟ್ಟು, ಎರಡೂ ಕಡೆಯ ಹಗ್ಗ ಹಿಡಿದು ದಂಡೆಗೆ ಎಳೆಯುತ್ತಾರೆ. ಅದು ನೀರಿನೊಳಗೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುವುದು ಹೇಗೆ? ಮೇಲಂಚಿನ ಹಗುರ ಮರದ ತುಂಡುಗಳು ತೇಲುತ್ತವೆ, ಕೆಳಂಚಿನ ಭಾರ ಮುಳುಗುತ್ತದೆ. ಬಲೆ ದಂಡೆಗೆ ಬರುವ ಹೊತ್ತಿಗೆ ಎರಡೂ ಕಣ್ಣಿಗೆ ಕಾಣುತ್ತವೆ. ಆ ಹೊತ್ತು ಕ್ಯಾಮೆರಾಕ್ಕೆ ಸಿಕ್ಕರೆ ಆಯಿತು. ಮಕ್ಕಳಲ್ಲಿ ಪ್ರೇಕ್ಷಾ ಚಿತ್ರ ತೆಗೆಯುವುದು, ಕಿಶನ ಮಾತಾಡುವುದು. ಕಿಶನನ ಅಜ್ಜ ಜಟ್ಟುವಿನದೇ ಬಲೆ.

ಮೊದಲ ಶನಿವಾರದ ಟೇಪನ್ನು ಸತೀಶನ ಟಿವಿಯಲ್ಲಿ ಹಾಕಿ ನೋಡಿದರು. ಕಡಲು, ದೋಣಿ, ಹಗ್ಗ ಎಲ್ಲ ಚೆನ್ನಾಗಿ ಬಂದಿತ್ತು. ಬಲೆ ಹತ್ತಿರವಾಗುತ್ತಲೇ ಆಕಾಶ ಕಂಡಿತು. ಆಮೇಲೆ ಮರಳು. ಬಹಳ ಹೊತ್ತು ಬರೀ ಮರಳು, ಅದರ ಮೇಲೊಂದು ಏಡಿ.

"ಪ್ರೇಕ್ಷಾ, ಇದೆಂತದು?"

"ಏಡಿ ಅಕ್ಕೋರೆ."

"ಏಡಿ ನಂಗೂ ಕಾಣ್ತದೆ ಮಾರಾಯ್ತಿ! ಬಲೆ ಎಲ್ಲಿ?"

"ಹಗ್ಗ ಹಿಡೀರಿ ಅಂದ್ರು. ಕ್ಯಾಮೆರಾ ಕೆಳಗೆ ಇಟ್ಟೆ."

ಅವಳದೂ ತಪ್ಪಿಲ್ಲ. ಬಲೆ ದಡಕ್ಕೆ ಬರುವಾಗ ಯಾರೇ ಹಗ್ಗಕ್ಕೆ ಕೈ ಹಾಕಿದರೂ ಅವರಿಗೊಂದು ಪಾಲು ಮೀನುಂಟು. ಅದಕ್ಕಿಂತ ಹೆಚ್ಚಾಗಿ, ಬಲೆ ಭಾರವಾಗಿ ಜನ ತಿಣುಕುವಾಗ ಕೈಕಟ್ಟಿ ನೋಡುತ್ತ ನಿಲ್ಲುವುದು ಆ ದಂಡೆಯಲ್ಲಿ ಬಲು ನಾಚಿಕೆಯ ಸಂಗತಿ. ಪ್ರೇಕ್ಷಾ ಒಂದು ಚೀಲ ತಾರ್ಲೆ ಮೀನು ಮನೆಗೆ ಒಯ್ದಿದ್ದಳು. ಅಕ್ಕೋರಿಗೂ ನಾಲ್ಕು ತಂದುಕೊಟ್ಟಿದ್ದಳು.

ಎರಡನೆಯ ಶನಿವಾರ ಅಕ್ಕೋರು ಸ್ಟ್ಯಾಂಡು ತಂದು ಕ್ಯಾಮೆರಾವನ್ನು ಅದಕ್ಕೆ ಬಿಗಿದರು. ಇನ್ನು ಯಾರು ಹಗ್ಗಕ್ಕೆ ಓಡಿದರೂ ಅದು ಓಡುವುದಿಲ್ಲವಲ್ಲ! ಓಡಲಿಲ್ಲ. ಆದರೆ ಮೀನು ಮಾರುವ ಕಾಮಿ ಬುಟ್ಟಿ ಹಿಡಿದು ಬಂದು ಅದರ ಮುಂದೆಯೇ ನಿಂತಳು. ಟೇಪಿನ ತುಂಬ ಹಸಿರು ಸೀರೆ.

ಮರುದಿನ ಪೇಟೆಯಲ್ಲಿ ಸಿಕ್ಕ ಕಾಮಿ, "ಅಕ್ಕೋರೆ, ನನ್ ಫೋಟೋ ಬಂತಾ?" ಎಂದಳು.

"ಬೆನ್ನು ಬಂದದೆ ಕಾಮಿ. ಬೇರೆ ಎಂತದೂ ಬರೂಕೆ ನೀ ಬಿಡ್ಲಿಲ್ಲ."

"ಹಂಗಾರೆ ಇನ್ನೊಂದ್ ಸಲ ತೆಗೀರಿ. ಬರೂ ಶನಿವಾರ ಹೊಸ ಸೀರೆ ಉಟ್ಕಂಡ್ ಬತ್ತೆ."

ಆ ರಾತ್ರಿ ಅಕ್ಕೋರು ಊಟ ಮಾಡಲಿಲ್ಲ ಎಂದು ಸತೀಶ ಹೇಳುತ್ತಾನೆ. ತುಳಸಿ ಲಗ್ನಕ್ಕೆ ಮೊದಲು ಉಳಿದಿದ್ದು ಒಂದೇ ಶನಿವಾರ. ಅದೂ ಹೋದರೆ ಮಕ್ಕಳು ಕಿಟಕಿಯಿಂದ ಕಡಲು ನೋಡುತ್ತ ಗುಣಿಸುವುದು, ಭಾಗಿಸುವುದು.

ಮೂರನೆಯ ಸಲ ಕ್ಯಾಮೆರಾವನ್ನು ತಾವೇ ಹಿಡಿದರು. ಪ್ರೇಕ್ಷಾಳನ್ನು ಕಾಮಿಯ ಕಾವಲಿಗೆ ನಿಲ್ಲಿಸಿದರು. ಕಿಶನನಿಗೆ, "ನೀ ಹಗ್ಗದ ಕಡೆ ತಿರುಗಿ ಸಹ ನೋಡ್ಬೇಡ," ಎಂದರು. ಬಲೆ ಹತ್ತಿರ ಬಂತು. ಬಲೆಗೆ ಬಂಗಡೆಯ ಹಿಂಡು ಬಿದ್ದಿತ್ತೋ, ನೀರಿನ ಸೆಳೆತವೋ, ಹಗ್ಗ ಮುಂದೆ ಬರುವ ಬದಲು ಎಳೆಯುವವರನ್ನೇ ಹಿಂದಕ್ಕೆ ಎಳೆಯತೊಡಗಿತು. ಜಟ್ಟು ಕೂಗಿದ: "ಕೈ ಹಾಕಿರೋ! ಬಲೆ ಹರೀತದೆ!"

ಕಿಶನ ಓಡಿದ. ಪ್ರೇಕ್ಷಾಳೂ ಕಾಮಿಯೂ ಓಡಿದರು. "ಏ, ನಿಲ್ರಾ!" ಎಂದು ಕೂಗುತ್ತ ಕೂಗುತ್ತ ಅಕ್ಕೋರ ಕಾಲೂ ಅತ್ತ ಹೊರಟಿತ್ತು. ತಿರುಗಿ ನೋಡಿದರೆ ಹಿಂದೆ ಹೆಡ್ ಮಾಸ್ತರು, ಮೂಗಿಗೆ ಕರವಸ್ತ್ರ ಹಿಡಿದು, ಪೀರಿಯಡ್ಡು ಹೇಗೆ ಹಾಳಾಗುತ್ತಿದೆ ಎಂದು ಕಣ್ಣಾರೆ ನೋಡಲು ಬಂದವರು. ಅವರ ಮನೆಯ ಅಂಗಳಕ್ಕೂ ಮೀನು ಬರುವಂತಿಲ್ಲ. ಇಡೀ ದಂಡೆಯಲ್ಲಿ ಹಗ್ಗ ಹಿಡಿಯಲು ಯಾರೂ ಕರೆಯದ ಮನುಷ್ಯ ಅವರೊಬ್ಬರೇ.

"ಸರ್, ಕ್ಯಾಮೆರಾ ಹಿಡೀರಿ! ಕೆಂಪು ದೀಪ ಆರಬಾರದು. ಬಲೆ ಬಿಟ್ಟು ಬೇರೆ ಕಡೆ ತಿರುಗಿಸಬೇಡಿ!"

"ಅಕ್ಕೋರೆ, ನನಗೆಲ್ಲಿ ಬರ್ತದೆ..." ಎನ್ನುವಷ್ಟರಲ್ಲಿ ಕ್ಯಾಮೆರಾ ಅವರ ಕೈಯಲ್ಲಿತ್ತು. ಕರವಸ್ತ್ರ ಮರಳಿಗೆ ಬಿತ್ತು.

ಸಿನಿಮಾ ಕಾರವಾರಕ್ಕೆ ಹೋಯಿತು, ಬಹುಮಾನ ಬರಲಿಲ್ಲ. ಹುಡುಗನ ಮಾತು ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದರು ಪರೀಕ್ಷಕರು. ಹೌದು, ಕಿಶನ ಹಗ್ಗ ಎಳೆಯುತ್ತಲೇ ಏದುಸಿರಿನಲ್ಲಿ ತೇಲುವುದು ಮುಳುಗುವುದನ್ನು ವಿವರಿಸಿದ್ದ. ಪರೀಕ್ಷಕರ ಹತ್ತಿರ ಜಗಳಕ್ಕೆ ಹೋದವರು ಹೆಡ್ ಮಾಸ್ತರು. "ಮಾತು ಬಿಡಿ ಸ್ವಾಮಿ, ಚಿತ್ರ ನೋಡಿ. ಒಂಚೂರಾದರೂ ಅಲುಗಾಡಿದೆಯಾ?" ಶನಿವಾರ ಅಕ್ಕೋರಿಗೇ ಉಳಿಯಿತು. ಮರುವರ್ಷ ಶಾಲೆ ಶುರುವಾದ ವಾರವೇ, "ಈ ಸಲ ಯಾವ ಬಲೆ?" ಎಂದು ಹೆಡ್ ಮಾಸ್ತರು ಕೇಳಿದಾಗ ಅಕ್ಕೋರು ಕನ್ನಡಕ ತೆಗೆದರು.

ಊರವರ ಮದುವೆಗಳನ್ನೆಲ್ಲ ವಿಡಿಯೋ ಮಾಡಿದ ಸತೀಶನ ಬಳಿ ಅಕ್ಕನ ಬೇರೊಂದು ಚಿತ್ರವಿಲ್ಲ. ಇದೊಂದೇ. ಹದಿಮೂರನೆಯ ದಿನ ಮುಗಿದ ಮೇಲೆ ಅವನು ಆ ಟೇಪು ಹಾಕಿದ. ಮರದ ತುಂಡುಗಳು ಸಾಲಾಗಿ ತೇಲಿ ಬರುತ್ತವೆ. ಅಕ್ಕೋರ ಸೀರೆ ಮೊಣಕಾಲವರೆಗೆ ಒದ್ದೆ, ಕನ್ನಡಕ ಸೊಂಟದಲ್ಲಿ, ಎರಡೂ ಕೈಯಲ್ಲಿ ಹಗ್ಗ. ಮುಂದಿರುವ ಕಿಶನನಿಗೆ ಬೈಯುತ್ತಿದ್ದಾರೆ:

"ಹಗ್ಗ ಬಿಟ್ಟು ಮಾತಾಡೋ ಮಾರಾಯಾ! ಎಳಿಯೂಕೆ ನಾವಿಲ್ವನಾ?"