ಮೊದಲು ಅವರ ಫೋಲ್ಡರ್

ಗಂಡ ಹೆಂಡತಿ ಇಬ್ಬರೇ ಕೂತು ಕಟ್ಟಿದ ಕಂಪ್ಯೂಟರ್ ಆಟ ಅದು. ಅವರು ಕೋಡ್ ಬರೆಯುತ್ತಿದ್ದರು, ಆಕೆ ಚಿತ್ರ ಬಿಡಿಸುತ್ತಿದ್ದಳು. ಅವರು ತೀರಿಕೊಂಡ ಮೇಲೆ ಹಳೆಯ ಕಂಪ್ಯೂಟರೂ ಕೈಕೊಟ್ಟಿತು. ಹೊಸದಕ್ಕೆ ಎಲ್ಲವನ್ನೂ ನಕಲು ಮಾಡಿದರೂ ಆಟ ಶುರುವಾಗಲಿಲ್ಲ. ಪಾತ್ರಗಳನ್ನು ನಡೆಸುವ ‘ನಡಿಗೆ’ ಎಂಬ ಕೋಡಿನ ತುಣುಕು, ಆ ಮಾಡ್ಯೂಲ್, ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತಿತ್ತು.

ತಲೆ ಕೆರೆದುಕೊಂಡು ಸಾಕಾಗಿ, ಮೈದುನನಿಗೆ ಫೋನ್ ಮಾಡಿ ಸೆಟ್ಟಿಂಗ್ ಫೈಲನ್ನು ಓದಿ ಹೇಳಿದಳು.

“ಅತ್ತಿಗೆ, ಮಾಡ್ಯೂಲ್ ಎಲ್ಲೂ ಹೋಗಿಲ್ಲ. ಎಲ್ಲಿ ಹುಡುಕಬೇಕು ಅನ್ನೋ ಕಡೆ ಹಳೇ ಕಂಪ್ಯೂಟರಲ್ಲಿದ್ದ ಅಣ್ಣನ ಫೋಲ್ಡರ್ ಒಂದೇ ಇದೆ, ಅದು ಈ ಹೊಸದರಲ್ಲಿ ಇಲ್ಲ. ಆ ಸಾಲನ್ನ ಅಳಿಸಿ, ಈಗ ನಕಲು ಮಾಡಿಟ್ಟಿರೋ ನಿಮ್ಮ ಫೋಲ್ಡರನ್ನ ಹಾಕಿ.”

ಆಕೆ ಅಳಿಸಲಿಲ್ಲ. ಅದರ ಕೆಳಗೆ ತನ್ನ ಫೋಲ್ಡರಿನ ದಾರಿ ಬರೆದು, ಹಾಗೆಂದು ಅವನಿಗೆ ಹೇಳಿದಳು.

“ಆಟ ಪ್ರತಿ ಸಲ ಮೊದಲು ಅಣ್ಣನ ಹತ್ರಾನೇ ಹೋಗಿ, ಸಿಗದೆ ನಿಮ್ಮ ಹತ್ರ ಬರತ್ತೆ. ಸುಮ್ನೆ ದಂಡ ಅಲ್ವಾ?”

“ಕನ್ನಡಕ ಕಾಣದಿದ್ರೆ ನಾನೂ ಮೊದಲು ಅವರನ್ನೇ ಕೇಳ್ತೀನಲ್ಲಪ್ಪಾ.”

ಫೋನ್ ಇಟ್ಟು ಆಟ ತೆರೆದಳು.

ಆಟ ಶುರುವಾಯಿತು. ಆಕೆ ಬಿಡಿಸಿದ ಪುಟ್ಟ ಅಂಬಿಗ ಹೆಜ್ಜೆ ಎತ್ತಿಟ್ಟ. “ನಡೀತಿದಾನೆ!” ಎಂದು ಕೂಗಿದಳು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಕುರ್ಚಿ ಎಳೆದುಕೊಂಡು, ಹೊತ್ತು ಇಳಿಯುವವರೆಗೂ ಅವನನ್ನು ಹೊಳೆಯ ಪಕ್ಕ ನಡೆಸುತ್ತಲೇ ಕೂತಳು.