ನುಂಗುವುದನ್ನು ನೋಡುತ್ತಿದ್ದವರು

ಸಿನಿಮಾದವರಿಗೆ ಮುದ್ದೆ ಉಣ್ಣುವುದಕ್ಕೆ ಬರುವುದಿಲ್ಲ ಅನ್ನುವುದು ನನ್ನ ಗಂಡನ ದೊಡ್ಡ ತಕರಾರು. ತುಮಕೂರಿನ ಯಾವ ಟಾಕೀಸಿನಲ್ಲಿ ಕೂತರೂ ಸರಿ, ಪರದೆಯ ಮೇಲೆ ತಟ್ಟೆ ಕಂಡಿತೋ, ಸೀಟಿನ ತುದಿಗೆ ಬಂದುಬಿಡುತ್ತಿದ್ದರು. ನಾಯಕ ಮುದ್ದೆ ಮುರಿದು, ಸಾರಿಗೆ ಒಂಚೂರು ತಾಗಿಸಿ, ಬಾಯಿಗಿಟ್ಟು ಚೂಯಿಂಗ್ ಗಮ್ಮಿನ ಹಾಗೆ ಅಗಿಯುವನು. ಇವರಿಗೆ ಮೈಯೆಲ್ಲ ಉರಿಯುವುದು.

"ನೋಡು ನೋಡು, ಅಗೀತವ್ನೆ! ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋ ಲೇ!"

ಮುಂದಿನ ಸಾಲಿನವರು ತಿರುಗಿ ನೋಡುವರು. ನಾನು ತೊಡೆ ಚಿವುಟುವೆ. ಸಿನಿಮಾದ ತಾಯಂದಿರು ಬಡಿಸುವಾಗಲೇ ಮಕ್ಕಳಿಗೆ ಫೋನು ಬಂದು, ಒಂದು ತುತ್ತು ತಿಂದವರು ಕೈತೊಳೆದು ಎದ್ದು ಹೋಗುತ್ತಾರಲ್ಲ, ಅದನ್ನಂತೂ ಇವರ ಕೈಲಿ ತಡೆಯಲು ಆಗುತ್ತಿರಲಿಲ್ಲ. ಸಿನಿಮಾ ಹೇಗಿತ್ತು ಎಂದು ಪಕ್ಕದ ಮನೆಯವರು ಕೇಳಿದರೆ, "ಪರ್ವಾಗಿಲ್ಲ ಕಣಮ್ಮ, ಹೊಟ್ಟೆ ತುಂಬ ಉಂಡ್ರು" ಅನ್ನುವರು. ಇಲ್ಲವೇ, "ಥೂ, ಬರೀ ಕಾಫೀಲೇ ಮುಗಿಸ್ಬುಟ್ರು." ಅದೇ ಅವರ ವಿಮರ್ಶೆ.

ಇವರು ಗುಬ್ಬಿ ಕಡೆಯವರು, ತುಮಕೂರು ಪಕ್ಕದ ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ನಾನು ಕುಣಿಗಲ್‌ನವಳು, ತುಮಕೂರಿನ ಶಾಲೆಯೊಂದರಲ್ಲಿ ಟೀಚರು. ಇವರ ದನಿ ಒಡೆದಾಗ ವರ್ಕ್‌ಶಾಪಿನ ಧೂಳು ಅಂದುಕೊಂಡೆವು. ಗಂಟಲಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ರೇಡಿಯೇಷನ್ ಕರೆಂಟು ಕೊಟ್ಟರು. ಗೆಡ್ಡೆ ಹೋಯಿತು, ಅದರ ಜೊತೆಗೆ ನುಂಗುವ ಶಕ್ತಿಯೂ ಹೋಯಿತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ. ನಾನು ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜಿನಲ್ಲಿ ಅದರೊಳಗೆ ಬಿಡುತ್ತಿದ್ದೆ. ನಾಲಿಗೆಗೆ ಏನೂ ಇಲ್ಲ.

"ಕತ್ತಿನ ಎಕ್ಸರ್‌ಸೈಜ್ ಮಾಡ್ತಾ ಇರಿ. ಸ್ವಲ್ಪ ದಿನ ಬಿಟ್ಟು ಟೆಸ್ಟ್ ಮಾಡೋಣ. ಪಾಸಾದ್ರೆ ಬಾಯಲ್ಲೇ ತಿನ್ಬಹುದು" ಎಂದರು ಡಾಕ್ಟರು. ಆ ಒಂದು ಮಾತಿನ ಮೇಲೆ ನಮ್ಮ ಮನೆ ನಿಂತಿತ್ತು.

ಅಲ್ಲಿಯವರೆಗೆ ಇವರು ಹಿಡಿದುಕೊಂಡಿದ್ದು ಫೋನನ್ನು. ಬೆಳಗಾದರೆ ಊಟದ ಡಾಕ್ಯುಮೆಂಟರಿಗಳು. ಎಲ್ಲೋ ಹಿಮದ ದೇಶದಲ್ಲಿ ಮೀನು ಹಿಡಿದು ಸುಡುವರು, ಇನ್ನೆಲ್ಲೋ ಮರಳುಗಾಡಿನಲ್ಲಿ ಬಿಸಿ ಬೂದಿಯೊಳಗೆ ರೊಟ್ಟಿ ಹೂಳುವರು. ಇವರು ಕಣ್ಣು ಮಿಟುಕಿಸದೆ ನೋಡುತ್ತ, ಉಳಿದಿದ್ದ ಪಿಸುದನಿಯಲ್ಲಿ, "ಉಪ್ಪೇ ಹಾಕ್ಲಿಲ್ವಲ್ಲೇ ಅವ್ನು" ಅನ್ನುವರು. ನನಗೆ ಎಲ್ಲಿಲ್ಲದ ಸಿಟ್ಟು. ಆ ಹಾಳು ಫೋನನ್ನು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು.

"ಹೊಟ್ಟೆ ಉರಿಸ್ಕೊಳ್ಳೋಕೆ ಯಾಕ್ರೀ ನೋಡ್ತೀರಾ ಅದನ್ನ?"

"ಪ್ರಾಕ್ಟೀಸ್ ಮಾಡ್ತಿದೀನಿ ಕಣೇ. ಮರ್ತೋಗ್ಬಾರ್ದಲ್ಲ."

ಇವರ ಮೂಗಿಗೆ ವಾಸನೆ ಬಡಿಯಬಾರದೆಂದು ನಾನು ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದೆ. ಮಧ್ಯಾಹ್ನ ಶಾಲೆಯಲ್ಲಿ ಏನೋ ಒಂದು. ಸಂಜೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಕೊಂಡು ಬ್ರೆಡ್ಡನ್ನೋ ಮೊಸರನ್ನವನ್ನೋ ಗಬಗಬ ತಿಂದು ಒಳಗೆ ಬರುತ್ತಿದ್ದೆ.

ಟೆಸ್ಟು ಬೆಂಗಳೂರಿನ ಆಸ್ಪತ್ರೆಯಲ್ಲಿ. ನುಂಗುವುದನ್ನು ಎಕ್ಸ್‌ರೇ ಮಷೀನಿನಲ್ಲಿ ವಿಡಿಯೋ ತೆಗೆಯುತ್ತಾರಂತೆ. ಅಷ್ಟು ಕೇಳಿದ್ದೇ ತಡ, ಇವರು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. "ಹೀರೋ ನಾನೇ ಇವತ್ತು" ಎಂದರು. ಒಬ್ಬ ಹುಡುಗಿ ಮೊಸರಿನಷ್ಟು ಗಟ್ಟಿಯಾದ ಬಿಳಿ ಔಷಧಿಯನ್ನು ಚಮಚದಲ್ಲಿ ಕೊಟ್ಟಳು. ಇವರು ದೇವರ ತೀರ್ಥದ ಹಾಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಒಟ್ಟುಮಾಡಿ ನುಂಗಿದರು. ಕೆಮ್ಮಲಿಲ್ಲ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಪಾಸಾಯಿತು ಅಂತಲೇ ನಾನೂ ಅಂದುಕೊಂಡೆ.

ಡಾಕ್ಟರು ಇಬ್ಬರನ್ನೂ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ದವಡೆ, ಕತ್ತಿನ ಮೂಳೆ, ಬಾಯಿಯೊಳಗೆ ಒಂದು ಬಿಳಿ ಉಂಡೆ. ಅದು ಹಿಂದಕ್ಕೆ ಜಾರಿತು. ಜಾರಿದ್ದು ಹೊಟ್ಟೆಯ ದಾರಿಗಲ್ಲ, ಉಸಿರಿನ ದಾರಿಗೆ. ಸಣ್ಣ ದಾರದ ಹಾಗೆ ಇಳಿಯುತ್ತ ಹೋಯಿತು.

"ಶ್ವಾಸಕೋಶಕ್ಕೆ ಹೋಗ್ತಿದೆ. ಕೆಮ್ಮೂ ಬರ್ತಿಲ್ಲ, ಅದಕ್ಕೇ ಗೊತ್ತಾಗಲ್ಲ. ಬಾಯಲ್ಲಿ ಏನೂ ಕೊಡ್ಬೇಡಿ, ನೀರೂ ಬೇಡ."

"ಯಾವಾಗಿನಿಂದ ಕೊಡ್ಬೋದು ಸಾರ್?" ಎಂದೆ ನಾನು, ದಡ್ಡಿ.

"ಇನ್ನು ಟ್ಯೂಬಲ್ಲೇ ಅಮ್ಮ."

ಇವರು ಕಂಪ್ಯೂಟರಿನ ಕಡೆ ಬೆರಳು ತೋರಿಸಿ, ಇನ್ನೊಂದು ಸಲ ಹಾಕಿ ಅಂದರು. ಡಾಕ್ಟರು ಹಾಕಿದರು. ಪರದೆಯ ಮೇಲೆ ಉಂಡವರನ್ನೆಲ್ಲ ಬೈದ ಬಾಯಿ ಅದು. ಆವತ್ತು ತಮ್ಮ ಉಂಡೆ ಇಳಿಯುವುದನ್ನು ಕೊನೆಯವರೆಗೂ ನೋಡಿದರು.

ಊರಿಗೆ ಬಂದ ಮೇಲೆ ಫೋನು ಮುಟ್ಟಲಿಲ್ಲ. ಗೋಡೆ ನೋಡುತ್ತ ಮಲಗಿರುತ್ತಿದ್ದರು. ಒಂದು ಸಂಜೆ ನಾನು ಹಿತ್ತಿಲಲ್ಲಿ ತಿನ್ನುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತರು.

"ಕಳ್ಳಿ ಥರ ಇಲ್ಯಾಕೇ ನಿಂತ್ಕೊಂಡ್ ತಿಂತೀಯ? ಒಳಗ್ ಬಾ. ಒಗ್ಗರಣೆ ಹಾಕು, ಮುದ್ದೆ ಮಾಡು. ನನ್ ಮುಂದೆ ಕೂತ್ಕೊಂಡು ಉಣ್ಣು."

"ನನ್ ಕೈಲಾಗಲ್ಲ ರೀ."

"ಅವ್ರೆಲ್ಲ ಸುಳ್‌ಸುಳ್ಳೇ ತಿಂತಾರೆ. ನೀನಾದ್ರೂ ನಿಜ್ವಾಗ್ ಉಣ್ಣೇ, ನೋಡ್ತೀನಿ."

ಮಾಡಿದೆ. ಹುರುಳಿಕಾಳಿನ ಬಸ್ಸಾರಿನ ಘಮ ಎಷ್ಟೋ ದಿನದ ಮೇಲೆ ಮನೆ ತುಂಬಿತು. ಎದುರಿಗೆ ಕೂತು ತುತ್ತು ಮುರಿದೆ. ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. "ಅಳೋ ಸೀನ್ ಬ್ಯಾಡ, ಉಣ್ಣು" ಎಂದರು. ನಾನು ನುಂಗಿದಾಗ ಅವರ ಗಂಟಲೂ ಒಂದು ಸಲ ಮೇಲೆದ್ದು ಇಳಿಯಿತು. ಅದನ್ನು ನೋಡಿ ಇನ್ನೊಂದು ತುತ್ತು ಮುರಿದೆ, ಮತ್ತೊಂದು ಮುರಿದೆ.

ಆಮೇಲೆ ದಿನಾ ಅದೇ. ಇವರು ಸೊರಗುತ್ತ ಹೋದರು, ನಾನು ದಪ್ಪಗಾಗುತ್ತ ಹೋದೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಇವಳು ನೋಡಿ ಹೇಗೆ ಮೈ ತುಂಬಿಕೊಂಡಿದ್ದಾಳೆ ಎಂದು ಸ್ಟಾಫ್‌ರೂಮಿನಲ್ಲಿ ಆಡಿಕೊಂಡರು. ಆಡಿಕೊಳ್ಳಲಿ, ನನಗೇನು. ಎರಡು ಹೊಟ್ಟೆಯ ಊಟ ನಾನೊಬ್ಬಳೇ ಉಣ್ಣುತ್ತಿದ್ದೆ. ಅವರೆಕಾಯಿ ಬರುವ ಹೊತ್ತಿಗೆ ಇವರು ಹೋಗಿಬಿಟ್ಟರು.

ಈ ಸಲ ಪಿತೃಪಕ್ಷಕ್ಕೆ ಗುಬ್ಬಿ ಹತ್ತಿರದ ಅತ್ತೆಯ ಮನೆಯಲ್ಲಿ ಎಡೆ ಇಟ್ಟೆವು. ಎಲೆಯ ತುಂಬ ಬಡಿಸಿದೆವು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆಳೆದು ಎಲ್ಲರೂ ಜಗುಲಿಗೆ ಬಂದರು. ಒಳಗೆ ಯಾರೂ ಇರುವ ಹಾಗಿಲ್ಲ, ಅದು ಪದ್ಧತಿ. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಕೂರಲು ಆಗಲಿಲ್ಲ. ಎದ್ದು ಹೋಗಿ ಬಾಗಿಲ ಸಂದಿಗೆ ಬಾಯಿಟ್ಟೆ.

"ನಿಧಾನಕ್ಕೆ ಉಣ್ರೀ. ನೆತ್ತಿಗೆ ಹತ್ತೀತು."