ಅತ್ತಿಗೆಯ ತಲೆದೆಸೆಯ ಗಾಳಿ ಡಬ್ಬಿ

ನನ್ನ ಮೊಮ್ಮಗಳು ಮನೆಗೆ ಬಂದುಬಿಟ್ಟಳು! ಇವತ್ತು ಬೆಳಿಗ್ಗೆ ಮೆಟ್ಟೂರು ಬಸ್ಸಿಳಿದು ಬಂದವಳು, ಮಧ್ಯಾಹ್ನ ಮಲಗಿ ಹೊತ್ತು ಇಳಿಯುವ ತನಕ ಒಂದೇ ಒಂದು ಸೀನಿಲ್ಲದೆ ನಿದ್ದೆ ಮಾಡಿದಳು. ಕಣ್ಣು ಕೆಂಪಾಗಲಿಲ್ಲ, ಎದೆ ಕುಯ್ಯೆನ್ನಲಿಲ್ಲ. ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿ ಬಂದೆ. ಹೇಳಿದ್ದು ಸಾಲದೆ ಬರೆಯಲೂ ಕೂತಿದ್ದೇನೆ. ಇದನ್ನು ಯಾರಿಗೆ ಮೊದಲು ಹೇಳಬೇಕಿತ್ತೋ ಅವರೇ ಇಲ್ಲ.

ಅವರು ನಮ್ಮ ಯಜಮಾನರ ಅಕ್ಕ, ನನಗೆ ಅತ್ತಿಗೆ. ತಲೆಗೂದಲು ಕಪ್ಪಾಗಿಯೇ ಇತ್ತು, ಹುಬ್ಬು ಮಾತ್ರ ಬಿಳಿ. ಸೇಲಂನ ನಮ್ಮ ಮನೆಯಲ್ಲಿ ಎರಡು ಕೈಮಗ್ಗ. ಅದರ ನೂಲಿನ ಧೂಳು ಅವರ ಹುಬ್ಬಿನ ಮೇಲೇ ಬಂದು ಕೂರುತ್ತಿತ್ತು. ಮೂಗಿನ ತುದಿ ಉಜ್ಜಿ ಉಜ್ಜಿ ಸದಾ ಕೆಂಪು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು, ಸೀನುತ್ತಲೇ ನೇಯ್ದರು, ಸೀನುತ್ತಲೇ ನನ್ನನ್ನು ಬೈದರು. ಮಕ್ಕಳಿರಲಿಲ್ಲ.

ಸಿಂಗಪುರದಲ್ಲಿ ಕೆಲಸಕ್ಕಿದ್ದ ಅವರ ಮೈದುನ ಒಮ್ಮೆ ಬಂದಾಗ ಗಾಳಿ ಸೋಸುವ ಪುಟ್ಟ ಮೆಷಿನ್ನು ತಂದುಕೊಟ್ಟ. ಟಿಫಿನ್ ಡಬ್ಬಿಯಷ್ಟೇ ಇತ್ತು. ಒಳಗೊಂದು ಫ್ಯಾನು, ಅದರ ಮುಂದೆ ತೆಳ್ಳನೆಯ ಬಟ್ಟೆ. ಮುಖದ ಹತ್ತಿರ ಇಟ್ಟುಕೊಂಡರೆ ಮಾತ್ರ ಗುಣ. ಅತ್ತಿಗೆ ಅದನ್ನು ತಲೆದೆಸೆಯಲ್ಲಿಟ್ಟು ಮಲಗಿದರು. ಗುರ್ ಎಂದು ಸದ್ದು. ಬೆಳಿಗ್ಗೆ ಎದ್ದವರ ಮೂಗು ಕೆಂಪಾಗಿರಲಿಲ್ಲ.

ವಾರಕ್ಕೊಮ್ಮೆ ಆ ಬಟ್ಟೆ ತೆಗೆದು ಬೆಳಕಿಗೆ ಹಿಡಿಯುವರು. ಯಾವ ಬಣ್ಣದ ಸೀರೆ ನೇಯ್ದಿದ್ದೆವೋ ಅದೇ ಬಣ್ಣದ ಧೂಳು. "ನೋಡೇ, ಈ ವಾರ ನಾವು ಹಸ್ರು ಉಸಿರಾಡಿದ್ದೀವಿ," ಎನ್ನುವರು.

ಮೊದಲ ಸಲ ಅದನ್ನು ಒಗೆದಾಗ ಗಂಜಿಯಲ್ಲಿ ಅದ್ದಿ ಒಣಗಿಸಿಬಿಟ್ಟಿದ್ದರು. ಮೆಷಿನ್ನು ಏದುಸಿರು ಬಿಡತೊಡಗಿತು.

"ಗಂಜಿ ಆಕಿದ್ರೆ ಗಾಳಿ ಎಂಗಕ್ಕಾ ನುಗ್ತೈತೆ?" ಎಂದು ನಮ್ಮ ಯಜಮಾನರು ನಕ್ಕರು.

"ಗಂಜಿ ಆಕ್ದೆ ಬಟ್ಟೆ ಮಡಗೋದು ನಮ್ ಮನೇಲಿ ಐತೇನಲಾ?" ಎಂದು ಅತ್ತಿಗೆ ತಮ್ಮನ ಬಾಯಿ ಮುಚ್ಚಿಸಿದರು.

ಮೊಮ್ಮಗಳು ಹುಟ್ಟಿದಳು. ಅವಳಿಗೂ ಅದೇ ಸೀನು, ಅದೇ ಮೂಗು. ಸೊಸೆ ಹೆದರಿ, ಡಬ್ಬಿಯನ್ನು ಮಗುವಿಗೆ ಕೊಡಿ ಎಂದು ಬೇಡಿದಳು. ಅತ್ತಿಗೆ ಜಗ್ಗಲಿಲ್ಲ.

"ಡಬ್ಬಿ ಆಚೆ ಬರಾಕಿಲ್ಲ. ಬೇಕಾದ್ರೆ ಮಗೀನ ಒಳಕ್ಕೆ ಕಳ್ಸು."

ಜಿಪುಣಿ ಎಂದು ಸೊಸೆ ನನ್ನ ಹತ್ತಿರ ಗೊಣಗಿದಳು. ಆದರೆ ಅಂದಿನಿಂದ ಮಗು ಅತ್ತಿಗೆಯ ಮಗ್ಗುಲಲ್ಲೇ ಮಲಗಿತು. ಹಾದುಹೋಗುವಾಗ ಇಣುಕಿದರೆ, ಡಬ್ಬಿಯ ಮುಖ ಪೂರ್ತಿ ಮಗುವಿನ ಕಡೆಗೇ ತಿರುಗಿರುತ್ತಿತ್ತು.

ಮಗುವಿಗೆ ಮೂರು ತುಂಬಿದ ವರ್ಷ, ಒಂದು ಮಧ್ಯಾಹ್ನ ಅದು ಒಂಟಿಯಾಗಿ ಎದ್ದು ಬಂದು ಹೇಳಿತು: "ದೊಡ್ಡಜ್ಜಿ ಏಳ್ತಾ ಇಲ್ಲ." ಓಡಿದೆವು. ಅವರ ಕೈ ಮಗು ಮಲಗಿದ್ದ ಜಾಗದ ಮೇಲಿತ್ತು, ತಣ್ಣಗಾಗಿತ್ತು. ಡಬ್ಬಿ ಗುರ್ ಎನ್ನುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೂ ಅದು ಹಾಗೇ ಓಡುತ್ತಿತ್ತು. ಸ್ವಿಚ್ಚು ಆರಿಸಲು ಯಾರಿಗೂ ಕೈ ಬರಲಿಲ್ಲ. ಆರಿಸಿದರೆ ಅವರ ಉಸಿರನ್ನು ನಾವೇ ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ಎರಡು ದಿನ ಕಳೆದು ಕರೆಂಟು ಹೋಯಿತು. ಡಬ್ಬಿ ನಿಂತಿತು. ಸಾವಿನ ಮನೆ, ಮಗ್ಗವೂ ಆಡುತ್ತಿರಲಿಲ್ಲ. ಅಂಥ ಮೌನವನ್ನು ನಮ್ಮ ಮನೆ ಕೇಳಿಯೇ ಇರಲಿಲ್ಲ. ಮಣ್ಣು ಹಾಕುವಾಗ ಅಳದಿದ್ದ ನಮ್ಮ ಯಜಮಾನರು ಆಗ ಗೋಡೆಗೊರಗಿ ಅತ್ತರು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಒಳಗಿನಿಂದ, ತನ್ನಷ್ಟಕ್ಕೆ, ಗುರ್... ಮಗು ಚಪ್ಪಾಳೆ ತಟ್ಟಿತು. "ದೊಡ್ಡಜ್ಜಿ ಎದ್ದುಬಿಟ್ಳು!"

ಸೊಸೆ ಮಗುವನ್ನು ಎಳೆದು ಎದೆಗವಚಿಕೊಂಡಳು. "ನನ್ ಮಗೀನ ಕೂಗ್ತಾ ಅವ್ರೆ ಅತ್ತೆ, ನಾನಿಲ್ಲಿರಾಕಿಲ್ಲ," ಎಂದಳು. ತಿಥಿ ಮುಗಿದದ್ದೇ ಮಗುವನ್ನೆತ್ತಿಕೊಂಡು ಮೆಟ್ಟೂರಿನ ತವರಿಗೆ ಹೊರಟುಹೋದಳು. ನನ್ನ ಮಗ ಬಸ್ ಸ್ಟ್ಯಾಂಡಿನ ತನಕ ಬೇಡಿಕೊಂಡು ಹೋದ, ಕೇಳಲಿಲ್ಲ. ಅತ್ತಿಗೆಯ ಚಾಪೆ, ದಿಂಬು, ಸೀರೆಗಳನ್ನು ಬಟ್ಟೆ ಒಗೆಯುವವನಿಗೆ ಕೊಟ್ಟೆವು. ಡಬ್ಬಿ ತೋರಿಸಿದರೆ ಅವನೂ ಹಿಂದಕ್ಕೆ ಸರಿದ. "ಅದು ವೇಣಾಮ್ಮಾ, ಬ್ಯಾಡ. ಅದ್ರೊಳಗೆ ಆಯಮ್ಮ ಇನ್ನೂ ಮಾತಾಡ್ತಾ ಐತೆ."

ಕೊನೆಗೆ ಸ್ವಿಚ್ಚು ಆರಿಸಿದವಳು ನಾನೇ. ಪ್ಲಗ್ಗು ಕಿತ್ತಿಟ್ಟ ಮೇಲೂ ಆ ಕೋಣೆಯ ಮುಂದೆ ಹಾದರೆ ಗುರ್ ಎಂದು ಕೇಳುತ್ತಿತ್ತು. "ಮಲಗಿ ಅತ್ತಿಗೆ," ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಮನೆಯಲ್ಲಿ ಮಗುವಿನ ಸದ್ದಿಲ್ಲ, ಸತ್ತವರ ಸದ್ದಿದೆ. ಹೀಗೇ ತಿಂಗಳುಗಳು ಹೋದವು.

ನಿನ್ನೆ ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಸೊಸೆಯ ಫೋನು ಬಂತು. ಅಲ್ಲಿ ಕಾರ್ಖಾನೆಯ ಹೊಗೆ. ಮಗುವಿನ ಮೂಗು ಕಟ್ಟಿ, ಕಣ್ಣು ಅಂಟಿ, ನಿದ್ದೆಯೇ ಇಲ್ಲವಂತೆ. "ಅತ್ತೆ, ಅದು... ಐತಾ?" ಎಂದಳು. "ಐತೆ ಕಣವ್ವಾ, ಬಾ," ಎಂದೆ.

ಇವತ್ತು ಮಗುವಿನೊಡನೆ ಬಂದ ಸೊಸೆ ಚಪ್ಪಲಿ ಬಿಟ್ಟು ನೇರ ಆ ಕೋಣೆಯ ಹೊಸ್ತಿಲಿಗೆ ಹೋದಳು. ಖಾಲಿ ಗೋಡೆಗೆ ಕೈ ಮುಗಿದು, "ದೊಡ್ಡತ್ತೆ, ಮಗು ನಿಮ್ ಪಕ್ಕದಾಗೇ ಮಲೀಕತಾಳೆ. ಕರ್ಕೊಂಡು ಮಾತ್ರ ಓಗ್ಬ್ಯಾಡಿ," ಎಂದಳು. ಪ್ಲಗ್ಗು ಸಿಕ್ಕಿಸಿ ಸ್ವಿಚ್ಚನ್ನು ತಾನೇ ಒತ್ತಿದಳು.

ಮಗು ಮಲಗಿತು. ನಾನು ಅಲ್ಲೇ ಕೂತೆ. ಮಗುವಿನ ಉಸಿರಿನ ಜೊತೆಗೆ ಇನ್ನೊಂದು ಉಸಿರು, ನಿಧಾನವಾಗಿ, ನನಗೆ ಚೆನ್ನಾಗಿ ಗೊತ್ತಿದ್ದದ್ದು. ಭಯವಾಗಲಿಲ್ಲ. ಅವರು ಬದುಕಿದ್ದಾಗ ಒಂದು ದಿನವೂ ನಾನು ಅವರಿಗೆ ಒಳ್ಳೆಯ ಮಾತು ಹೇಳಿರಲಿಲ್ಲ, ಅವರೂ ನನಗೆ ಹೇಳಿರಲಿಲ್ಲ. ಇವತ್ತು ಹೇಳಿದೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ತವರಿನಿಂದ ಮೆಟ್ಟೂರು ಅಣೆಕಟ್ಟೆಯ ಮೀನು ತಂದಿದ್ದಳು, ಹುರಿದಿದ್ದಳು. ಮಗು ತಟ್ಟೆಯ ಮೇಲೆ ಬಗ್ಗಿ ಮೂಗರಳಿಸಿತು.

"ಅಜ್ಜೀ, ಮೀನ್ ವಾಸ್ನೆ!"

ಮೂಗು ಕಟ್ಟಿಕೊಂಡೇ ಬೆಳೆದ ಮಗು ಯಾವುದಕ್ಕೂ ವಾಸನೆಯೆಂದು ಹೇಳಿದ್ದು ಅದೇ ಮೊದಲು. ಸೊಸೆ ಸೆರಗು ಬಾಯಿಗೊತ್ತಿಕೊಂಡಳು. ಮಗು ತನ್ನ ತುಂಡು ತಿಂದು, "ಇನ್ನೊಂದು" ಎಂದು ಕೈ ಚಾಚಿತು. ಮಗ, ಸೊಸೆ, ನಮ್ಮ ಯಜಮಾನರು, ನಾನು, ಎಲ್ಲರೂ ಒಮ್ಮೆಗೇ ನಮ್ಮ ನಮ್ಮ ತಟ್ಟೆಯಿಂದ ಮೀನೆತ್ತಿ ಅದರ ಕಡೆಗೆ ನೀಡಿದೆವು.